ಕಡ ತಂದ ಸಂಜೆ

(ಸಾಗರದ ಹತ್ತಿರದ ನಮ್ಮೂರಿನ ಶಾಲೆಯಲ್ಲಿ, ಜೂನ್ ಕೊನೆಯ ವಾರ, ಊರವರ ಮುಂದೆ ಆಡಿದ ಮಾತು. ಆದಷ್ಟೂ ಆಡಿದ ಹಾಗೆಯೇ ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ, ತುಂಬಾ ಸಂತೋಷ. ಗಂಟೆ ಇನ್ನೂ ಮೂರೂವರೆ. ಆಗಲೇ ಟ್ಯೂಬ್‌ಲೈಟ್ ಹಾಕಿಕೊಂಡು ಕೂತಿದ್ದೇವೆ. ಆರಿದ್ರಾ ಮಳೆ ಹಿಡಿದರೆ ನಮ್ಮಲ್ಲಿ ಹೀಗೇ ಅಲ್ವಾ, ಮಧ್ಯಾಹ್ನಕ್ಕೂ ಮುಸ್ಸಂಜೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾನು ಇವತ್ತು ಹೇಳಲು ಹೊರಟಿರುವ ಊರಿನಲ್ಲಿ ಹೊತ್ತು ಕೊನೆಯ ಸಲ ಮುಳುಗಿ ಒಂದು ತಿಂಗಳಾಯಿತು. ಅವತ್ತಿನಿಂದ ಸೂರ್ಯ ಆಕಾಶದಲ್ಲೇ ಇದ್ದಾನೆ. ಇನ್ನೂ ಒಂದು ತಿಂಗಳು ಅಲ್ಲೇ ಇರುತ್ತಾನೆ.

ಆ ಊರು ಟ್ರೋಮ್ಸೋ. ನಾರ್ವೆ ದೇಶದ ಉತ್ತರದ ಕಡೆ, ಒಂದು ದ್ವೀಪದ ಮೇಲಿದೆ. ಎಪ್ಪತ್ತು ಸಾವಿರ ಮೀರಿದ ಜನ. ಸುತ್ತ ಸಮುದ್ರದ ಹಿನ್ನೀರು, ಅದರ ಆಚೆ ಬೇಸಿಗೆಯಲ್ಲೂ ನೆತ್ತಿಯ ಮೇಲೆ ಹಿಮ ಉಳಿಸಿಕೊಂಡ ಗುಡ್ಡಗಳು. ಅಕ್ಷಾಂಶ ಸುಮಾರು 69.6 ಡಿಗ್ರಿ, ಅಂದರೆ ಆರ್ಕ್ಟಿಕ್ ವೃತ್ತಕ್ಕಿಂತ ಸುಮಾರು 350 ಕಿಲೋಮೀಟರ್ ಮೇಲೆ. ನಮ್ಮ ಸಾಗರ ಇರುವುದು 14ರಲ್ಲಿ. ನನ್ನ ಗಂಡನಿಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ನಾನು ಒಂದು ಶಿಶುವಿಹಾರದಲ್ಲಿ ಕೆಲಸ ಹಿಡಿದೆ. 2013ರ ಜೂನ್ ಮೊದಲ ವಾರ ಹೋದವರು 2019ರವರೆಗೆ ಅಲ್ಲೇ ಇದ್ದೆವು. ಹೋದಾಗ ಮಗಳಿಗೆ ಐದು ವರ್ಷ.

ನಮ್ಮ ಭಾಷೆಯಲ್ಲಿ ಸೂರ್ಯನಿಗೂ ಸಮಯಕ್ಕೂ ಒಂದೇ ಮಾತು: ಹೊತ್ತು. ಹೊತ್ತು ಮೂಡಿತು, ಹೊತ್ತು ಇಳಿಯಿತು, ಹೊತ್ತು ಮುಳುಗಿತು ಅಂತೀವಿ. ಹೊತ್ತಾಯ್ತು ಏಳು, ಹೊತ್ತೇ ಹೋಗ್ತಿಲ್ಲ ಅಂತಲೂ ಅಂತೀವಿ. ಹುಟ್ಟಿದಾಗಿನಿಂದ ಆಡುತ್ತಿದ್ದ ಈ ಮಾತಿನ ಅರ್ಥ ನನಗೆ ತಿಳಿದದ್ದು ಟ್ರೋಮ್ಸೋಗೆ ಹೋದ ಮೇಲೆ. ಅಲ್ಲಿ ಎರಡು ತಿಂಗಳು ಒಂದು ಹೊತ್ತು ನಿಂತೇ ಇರುತ್ತದೆ, ಇನ್ನೊಂದು ಹೊತ್ತು ಮಾತ್ರ ಓಡುತ್ತಿರುತ್ತದೆ.

ಯಾಕೆ ಹೀಗೆ ಅನ್ನುವುದನ್ನು ಮಕ್ಕಳಿಗೆ ತೋರಿಸಲು ಈ ಜುಟ್ಟಿರುವ ತೆಂಗಿನಕಾಯಿ ತಂದಿದ್ದೇನೆ. (ಮೇಜಿನ ಮೇಲಿದ್ದ ಬಲ್ಬಿನ ಮುಂದೆ ಕಾಯಿ ಹಿಡಿದು ತೋರಿಸಿದೆ.) ಜುಟ್ಟು ಉತ್ತರ ಧ್ರುವ. ಕಾಯಿಯನ್ನು ಸ್ವಲ್ಪ ವಾಲಿಸಿ, ಜುಟ್ಟು ಬಲ್ಬಿನ ಕಡೆಗೆ ಇರಲಿ. ಭೂಮಿ ವಾಲಿರುವುದು ಸುಮಾರು 23.4 ಡಿಗ್ರಿ. ಈಗ ಕಾಯಿಯನ್ನು ನಿಧಾನವಾಗಿ ತಿರುಗಿಸಿ. ಹೊಟ್ಟೆಯ ಭಾಗಕ್ಕೆ ಬೆಳಕು ಬರುತ್ತದೆ, ಹೋಗುತ್ತದೆ. ಜುಟ್ಟಿನ ಸುತ್ತಲಿನ ಭಾಗ ಎಷ್ಟು ತಿರುಗಿದರೂ ಬೆಳಕಿನಲ್ಲೇ ಇರುತ್ತದೆ. ಅಲ್ಲಿ ಒಂದು ಇರುವೆ ಕೂತಿದ್ದರೆ ಅದಕ್ಕೆ ರಾತ್ರಿಯೇ ಇಲ್ಲ. ಆರು ತಿಂಗಳ ಮೇಲೆ ಜುಟ್ಟು ಆಚೆಗೆ ವಾಲುತ್ತದೆ. ಆಗ ಅದೇ ಇರುವೆಗೆ ಹಗಲೇ ಇಲ್ಲ. ದೇವತೆಗಳಿಗೆ ನಮ್ಮ ಆರು ತಿಂಗಳು ಒಂದು ಹಗಲು, ಇನ್ನಾರು ತಿಂಗಳು ಒಂದು ರಾತ್ರಿ ಅಂತ ನನ್ನ ಅಜ್ಜಿ ಹೇಳುತ್ತಿದ್ದರು. ಧ್ರುವದಲ್ಲಿ ನಿಂತವರಿಗೆ ಅದು ಅಕ್ಷರಶಃ ನಿಜ.

ಟ್ರೋಮ್ಸೋದಲ್ಲಿ ಹೆಚ್ಚು ಕಡಿಮೆ ಮೇ 20ರಿಂದ ಜುಲೈ 22ರವರೆಗೆ ಸೂರ್ಯ ಮುಳುಗುವುದಿಲ್ಲ. ಇನ್ನೂ ಉತ್ತರಕ್ಕೆ ಸ್ವಾಲ್‌ಬಾರ್ಡ್ ದ್ವೀಪಗಳಿವೆ. ಅಲ್ಲಿನ ನೀ-ಓಲೆಸುಂಡ್ ಎಂಬ ಪುಟ್ಟ ಊರಿನಲ್ಲಿ ನಮ್ಮ ಭಾರತದ್ದೇ ಒಂದು ಸಂಶೋಧನಾ ಕೇಂದ್ರ ಇದೆ. ಹೆಸರು ಹಿಮಾದ್ರಿ, 2008ರಲ್ಲಿ ಶುರುವಾಯಿತು. ಅಲ್ಲಿ ಈ ಹಗಲು ನಾಲ್ಕು ತಿಂಗಳು.

ಸೂರ್ಯ ಮುಳುಗುವುದಿಲ್ಲ ಅಂದ ಕೂಡಲೇ ನಮಗೆ ಕಣ್ಣ ಮುಂದೆ ಬರುವುದು ಉರಿ ಮಧ್ಯಾಹ್ನ. ಹಾಗಲ್ಲ. ಅಲ್ಲಿ ಸೂರ್ಯ ಮೇಲೇರಿ ಇಳಿಯುವುದಕ್ಕಿಂತ ಜಾಸ್ತಿ ಸುತ್ತ ತಿರುಗುತ್ತಾನೆ, ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿದ ಹಾಗೆ. ಜೂನ್ 21ರಂದು ಮಧ್ಯಾಹ್ನ 44 ಡಿಗ್ರಿ ಎತ್ತರ. ನಡುರಾತ್ರಿ ಮೂರೇ ಡಿಗ್ರಿ, ಅಂಗೈ ಎತ್ತಿ ಚಾಚಿದರೆ ಎರಡು ಬೆರಳಿನ ಹಿಂದೆ ಮುಚ್ಚಿಹೋಗುವಷ್ಟು. ಆಗ ಅವನು ಸರಿಯಾಗಿ ಉತ್ತರ ದಿಕ್ಕಿನಲ್ಲಿರುತ್ತಾನೆ. ನಮ್ಮ ಮಲಗುವ ಕೋಣೆಯ ಕಿಟಕಿ ಉತ್ತರಕ್ಕಿತ್ತು. ಮನೆ ಹಿಡಿಯುವಾಗ, ಉತ್ತರದ ಕಿಟಕಿ ತಾನೇ, ಬಿಸಿಲು ಬರಲ್ಲ, ಒಳ್ಳೆಯದೇ ಆಯಿತು ಅಂದುಕೊಂಡಿದ್ದೆವು. ಮೊದಲ ರಾತ್ರಿ ಹನ್ನೆರಡೂ ಮುಕ್ಕಾಲಿಗೆ ಕಿತ್ತಳೆ ಬಣ್ಣದ ಬಿಸಿಲು ಕಿಟಕಿಯಿಂದ ನೇರ ಒಳಗೆ ಬಂತು. ಹಾಸಿಗೆ ದಾಟಿ ಎದುರಿನ ಗೋಡೆಗೆ ಹೋಗಿ ಬಿತ್ತು. ಮಗಳು ಹಾಸಿಗೆಯ ಮೇಲೆ ಎದ್ದು ನಿಂತು ಆ ಗೋಡೆಯ ಮೇಲೆ ತನ್ನ ನೆರಳನ್ನು ಕುಣಿಸುತ್ತಿದ್ದಳು.

ಆ ನೆರಳುಗಳನ್ನು ನೀವು ನೋಡಬೇಕಿತ್ತು. ಸೂರ್ಯ ಅಷ್ಟು ಕೆಳಗಿದ್ದಾಗ ಮೂರಡಿಯ ಮಗುವಿಗೆ ಐವತ್ತಡಿ ಮೀರಿದ ನೆರಳು. ಒಂದು ಶನಿವಾರ ರಾತ್ರಿ ಹನ್ನೊಂದೂವರೆಗೆ ಮಕ್ಕಳು ಮೈದಾನದಲ್ಲಿ ಚೆಂಡಾಡುತ್ತಿದ್ದರು. ಒಬ್ಬೊಬ್ಬರ ನೆರಳೂ ಮೈದಾನ ದಾಟಿ, ರಸ್ತೆ ದಾಟಿ, ಯಾರದೋ ಮನೆಯ ಬಾಗಿಲ ಮೇಲೆ ಹತ್ತಿ ಓಡಾಡುತ್ತಿತ್ತು. ನಾನು ಅರ್ಧ ಗಂಟೆ ಸುಮ್ನೆ ನಿಂತು ನೋಡಿದೆ.

ಮೊದಲ ಒಂದು ವಾರ ಹೀಗೆ ಖುಷಿಯಲ್ಲೇ ಹೋಯಿತು. ಹಸಿವೂ ಕಡಿಮೆ, ದಣಿವೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು, ಇನ್ನೂ ಬೆಳಕಿದೆಯಲ್ಲ, ಒಂದು ಸುತ್ತು ಹೋಗಿ ಬರೋಣ ಅಂತ ಹೊರಡುತ್ತಿದ್ದೆವು. ಎರಡನೇ ವಾರ ಮಗಳಿಗೆ ಕಾರಣವಿಲ್ಲದೆ ಅಳು. ನನಗೆ ತಲೆನೋವು. ಗಂಡನಿಗೆ ಮಾತು ಮಾತಿಗೂ ಸಿಟ್ಟು. ನಾವು ನಿದ್ದೆಗೆಟ್ಟಿದ್ದೆವು. ಅದು ನಮಗೇ ಗೊತ್ತಾಗಿರಲಿಲ್ಲ.

ಇಲ್ಲಿ ಎರಡನೇ ಬೆಂಚಿನ ಹುಡುಗನೊಬ್ಬ ಕೇಳಿದ: "ಅಲ್ಲಿ ಕೋಳಿ ಯಾವಾಗ ಕೂಗುತ್ತೆ?"

ಬಹಳ ಒಳ್ಳೆಯ ಪ್ರಶ್ನೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಹುಂಜಗಳನ್ನು ದಿನವಿಡೀ ಒಂದೇ ಸಮನೆ ಮಬ್ಬು ಬೆಳಕಿನಲ್ಲಿ ಇಟ್ಟರು. ಬೆಳಗಾಗುವುದೇ ಇಲ್ಲದಿದ್ದರೂ ಅವು ಹೆಚ್ಚುಕಡಿಮೆ ದಿನಕ್ಕೊಮ್ಮೆ ಹೊತ್ತು ಹೊತ್ತಿಗೆ ಕೂಗುತ್ತಿದ್ದವು. ಗಡಿಯಾರ ಹುಂಜದ ಒಳಗೇ ಇದೆ. ನಮ್ಮೊಳಗೂ ಇದೆ. ಮೆದುಳಿನಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ಸಾಸಿವೆ ಕಾಳಿಗಿಂತ ಚಿಕ್ಕ ಒಂದು ಗುಂಪು ಜೀವಕೋಶಗಳಿವೆ. ಅದೇ ಆ ಗಡಿಯಾರ. ಇಂಥ ಗಡಿಯಾರ ಜೀವಕೋಶದೊಳಗೆ ಹೇಗೆ ಟಿಕ್ ಟಿಕ್ ಅನ್ನುತ್ತದೆ ಅಂತ ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಮೂವರಿಗೆ 2017ರ ನೊಬೆಲ್ ಬಂತು.

ಆದರೆ ಈ ಗಡಿಯಾರದಲ್ಲಿ ಒಂದು ತೊಡಕು. ಬಹಳ ಜನರಲ್ಲಿ ಅದು 24 ಗಂಟೆಗಿಂತ ಸ್ವಲ್ಪ ಉದ್ದ. ದಿನಾ ಕೆಲವು ನಿಮಿಷ ಹಿಂದೆ ಬೀಳುತ್ತದೆ. ಅದನ್ನು ದಿನಾ ಸರಿಮಾಡುವುದು ಬೆಳಕು. ನಮ್ಮ ಕಣ್ಣಿನಲ್ಲಿ ನೋಡುವುದಕ್ಕಾಗಿ ಇರುವ ಕೋಶಗಳಲ್ಲದೆ ಇನ್ನೊಂದು ಬಗೆಯ ಕೋಶಗಳಿವೆ. ಸುತ್ತ ಬೆಳಕು ಎಷ್ಟಿದೆ ಅಂತ ಅಳೆದು ಒಳಗಿನ ಗಡಿಯಾರಕ್ಕೆ ಹೇಳುವುದೇ ಅವುಗಳ ಮುಖ್ಯ ಕೆಲಸ. ನೀಲಿ ಬೆಳಕಿಗೆ ಅವು ಬೇಗ ಎಚ್ಚೆತ್ತುಕೊಳ್ಳುತ್ತವೆ. ಬೆಳಗಿನ ಬೆಳಕು ಗಡಿಯಾರವನ್ನು ಮುಂದಕ್ಕೆ ಎಳೆಯುತ್ತದೆ. ರಾತ್ರಿಯ ಬೆಳಕು ಹಿಂದಕ್ಕೆ ತಳ್ಳುತ್ತದೆ. ಕತ್ತಲಾದರೆ ಮೆಲಟೋನಿನ್ ಎಂಬ ರಸ ಮೈಯಲ್ಲಿ ಹೆಚ್ಚುತ್ತದೆ. ರಾತ್ರಿಯಾಯಿತು, ಇನ್ನು ಕೆಲಸ ನಿಲ್ಲಿಸಿ ಅಂತ ಊರಿಗೆಲ್ಲ ಡಂಗುರ ಹೊಡೆಯುವವನ ಹಾಗೆ. ಟ್ರೋಮ್ಸೋದ ಜೂನ್‌ನಲ್ಲಿ ಹನ್ನೊಂದು ಗಂಟೆಗೂ ಕಣ್ಣು ಒಳಗೆ ಹೇಳುತ್ತಲೇ ಇರುತ್ತದೆ, ಇನ್ನೂ ಹಗಲು, ಇನ್ನೂ ಹಗಲು ಅಂತ. ಡಂಗುರದವನು ಹೊರಡುವುದೇ ಇಲ್ಲ.

ಹಿಮಸಾರಂಗಗಳು ಇದಕ್ಕೆ ಬೇರೆಯೇ ದಾರಿ ಹುಡುಕಿಕೊಂಡಿವೆ. ಟ್ರೋಮ್ಸೋದ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವಾಲ್‌ಬಾರ್ಡ್‌ನ ಸಾರಂಗಗಳು ಬೇಸಿಗೆಯಲ್ಲಿ ಹಗಲು ರಾತ್ರಿಯ ಲಯವನ್ನೇ ಬಿಟ್ಟುಬಿಡುತ್ತವೆ ಅಂತ ಕಂಡುಬಂತು. ಮೇಯುತ್ತವೆ, ಮಲಗಿ ಮೆಲುಕು ಹಾಕುತ್ತವೆ, ಮತ್ತೆ ಮೇಯುತ್ತವೆ. ಗಂಟೆ ಎಷ್ಟಾದರೂ ಅವಕ್ಕೆ ಒಂದೇ. ಬೇಸಿಗೆ ಚಿಕ್ಕದು, ಹುಲ್ಲು ಇರುವಷ್ಟು ದಿನ ಕೊಬ್ಬು ಕಟ್ಟಿಕೊಳ್ಳಬೇಕು. ಇನ್ನೊಂದು ಸೋಜಿಗ ಅವುಗಳ ಕಣ್ಣು. ರಾತ್ರಿ ಟಾರ್ಚ್ ಬಿಟ್ಟರೆ ದನದ ಕಣ್ಣು ಹೊಳೆಯುತ್ತದಲ್ಲ, ಆ ಹೊಳೆಯುವ ಪದರ ಸಾರಂಗದಲ್ಲಿ ಬೇಸಿಗೆಗೆ ಹೊಂಬಣ್ಣ, ಚಳಿಗಾಲದ ಕತ್ತಲಿಗೆ ಕಡುನೀಲಿ. ಒಂದೇ ಪ್ರಾಣಿ, ಎರಡು ಕಾಲಕ್ಕೆ ಎರಡು ಬಣ್ಣದ ಕಣ್ಣು.

ಅಲ್ಲಿ ಸಾಮಿ ಅಂತ ಮೂಲನಿವಾಸಿಗಳಿದ್ದಾರೆ. ಸಾರಂಗ ಸಾಕುವುದು ಅವರಲ್ಲಿ ಹಲವು ಮನೆತನಗಳ ಕಸುಬು. ಬೇಸಿಗೆಯಲ್ಲಿ ಮರಿಗಳ ಕಿವಿಗೆ ಗುರುತು ಕತ್ತರಿಸುವ ಕೆಲಸ ಇರುತ್ತದೆ. ಒಬ್ಬೊಬ್ಬರದು ಒಂದೊಂದು ಗುರುತು. ಈ ಕೆಲಸವನ್ನು ಅವರು ಹೆಚ್ಚಾಗಿ ರಾತ್ರಿ ಮಾಡುತ್ತಾರೆ. ಬೆಳಕಂತೂ ಇದ್ದೇ ಇದೆ. ರಾತ್ರಿ ತಂಪು, ನೊಣ ಸೊಳ್ಳೆ ಕಡಿಮೆ, ಸಾರಂಗಗಳು ಬೆದರುವುದೂ ಕಡಿಮೆ. ಬೆಳಗಿನವರೆಗೆ ಹಗ್ಗ ಬೀಸಿ, ಮರಿ ಹಿಡಿದು, ಆಮೇಲೆ ಮಧ್ಯಾಹ್ನದವರೆಗೆ ಮಲಗುತ್ತಾರೆ. ಪ್ರಾಣಿಯ ಹೊತ್ತೇ ಅವರ ಹೊತ್ತು.

ನಮ್ಮ ಕೆಳಗಿನ ಮನೆಯಲ್ಲಿ ಎಂಬತ್ತರ ಹತ್ತಿರದ ಅಜ್ಜಿಯೊಬ್ಬರಿದ್ದರು. ದ್ವೀಪವೊಂದರಲ್ಲಿ ರೈತರ ಮನೆಯಲ್ಲಿ ಬೆಳೆದವರು. ಅವರ ಅಪ್ಪ ಜುಲೈನಲ್ಲಿ ರಾತ್ರಿ ಎದ್ದು ಉದ್ದ ಹಿಡಿಯ ಕುಡುಗೋಲಿನಲ್ಲಿ ಹುಲ್ಲು ಕೊಯ್ಯುತ್ತಿದ್ದರಂತೆ. ಇಬ್ಬನಿ ಬಿದ್ದ ಹುಲ್ಲು ಒಣ ಹುಲ್ಲಿಗಿಂತ ಸಲೀಸಾಗಿ ಕೊಯ್ಯಲು ಬರುತ್ತದೆ. ಆಮೇಲೆ ಅದನ್ನು ಗೂಟ ನೆಟ್ಟು ತಂತಿ ಎಳೆದು, ಬಟ್ಟೆ ಹರವಿದ ಹಾಗೆ ಹರವಿ ಒಣಗಿಸುವುದು. ಚಳಿಗಾಲವಿಡೀ ದನಗಳಿಗೆ ಅದೇ ಮೇವು. ಬೇಸಿಗೆಯಲ್ಲಿ ಯಾರು ಮಲಗುತ್ತಾರೆ, ಮಲಗುವುದಕ್ಕೆ ಚಳಿಗಾಲ ಇದೆಯಲ್ಲ ಅಂತ ಅವರು ಹೇಳುತ್ತಿದ್ದರು. ಹೇಳುತ್ತಿದ್ದರು ಅಷ್ಟೇ. ಹತ್ತೂವರೆ ಆದರೆ ಅವರ ಮನೆಯ ಕಪ್ಪು ಪರದೆ ತಪ್ಪದೆ ಇಳಿಯುತ್ತಿತ್ತು. ಒಂದು ದಿನವೂ ಹೆಚ್ಚು ಕಡಿಮೆ ಆಗಿದ್ದು ನಾನು ಕಾಣೆ.

ಈ ಪರದೆ ನೋಡಿಯೇ ನಾನು ಕಲಿತದ್ದು. ಅಲ್ಲಿನವರು ಬೆಳಕನ್ನು ತುಂಬಾ ಪ್ರೀತಿಸುತ್ತಾರೆ. ಯಾಕೆಂದರೆ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಅವರಿಗೆ ಸೂರ್ಯನೇ ಇಲ್ಲ. ಸೂರ್ಯ ಗುಡ್ಡದ ಮೇಲಿಂದ ಮತ್ತೆ ಮುಖ ತೋರಿಸುವ ದಿನ, ಜನವರಿ 21ರ ಸುಮಾರಿಗೆ, ಶಿಶುವಿಹಾರದಲ್ಲಿ ಮಕ್ಕಳಿಗೆಲ್ಲ ಸೂರ್ಯನ ಬನ್ ಅಂತ ಕರಿದ ಸಿಹಿ ಬನ್ ಕೊಡುತ್ತಿದ್ದೆವು. ಅಂಥವರೂ ಜೂನ್ ಬಂತೆಂದರೆ ರಾತ್ರಿಯನ್ನು ಕೈಯಾರೆ ಮಾಡಿಕೊಳ್ಳುತ್ತಾರೆ. ಕಿಟಕಿಗೆ ಕತ್ತಲ ಪರದೆ. ಪರದೆ ಸಾಲದಿದ್ದರೆ ಗಾಜಿಗೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ಸದ್ದು ಮಾಡಬಾರದು ಅಂತ ನಮ್ಮ ಕಟ್ಟಡದ ನಿಯಮ. ಬಿಸಿಲು ಹೊಡೆಯುತ್ತಿದ್ದರೂ ಹನ್ನೊಂದಾದ ಮೇಲೆ ಯಾರೂ ಹುಲ್ಲು ಕತ್ತರಿಸುವ ಮಷೀನ್ ಶುರುಮಾಡುವುದಿಲ್ಲ. ಅಂಗಡಿ, ಬಸ್ಸು, ಕಚೇರಿ ಎಲ್ಲ ಗಡಿಯಾರದ ಪ್ರಕಾರವೇ.

ಅವರ ಭಾಷೆಯಲ್ಲಿ 24 ಗಂಟೆಗೆ ಅಂತಲೇ ಒಂದು ಚಿಕ್ಕ ಮಾತಿದೆ, "ಡೊಯ್ನ್". ಹಗಲಿಗೆ ಬೇರೆ ಮಾತು, ರಾತ್ರಿಗೆ ಬೇರೆ ಮಾತು. ನಿದ್ದೆಯ ಲೆಕ್ಕ ತಪ್ಪಿದವರನ್ನು "ಡೊಯ್ನ್‌ವಿಲ್" ಅನ್ನುತ್ತಾರೆ, ಅಂದರೆ ದಿನದೊಳಗೆ ದಾರಿ ತಪ್ಪಿದವರು. ನಾವು ಎರಡನೇ ವಾರ ಆಗಿದ್ದು ಅದೇ.

2019ರ ಜೂನ್‌ನಲ್ಲಿ ನಿಮಗೂ ವಾಟ್ಸಾಪ್‌ನಲ್ಲಿ ಒಂದು ಸುದ್ದಿ ಬಂದಿರಬಹುದು. ಟ್ರೋಮ್ಸೋದ ಪಶ್ಚಿಮಕ್ಕೆ ಸೊಮ್ಮಾರೋಯ್ ಅಂತ ಒಂದು ದ್ವೀಪ, ಅಲ್ಲಿನ ಜನ ಗಡಿಯಾರವೇ ಬೇಡ ಅಂದಿದ್ದಾರೆ, ಕೈಗಡಿಯಾರ ಬಿಚ್ಚಿ ಸೇತುವೆಗೆ ಕಟ್ಟಿದ್ದಾರೆ ಅಂತ. ನನಗೆ ಇಲ್ಲಿಂದ ಎಷ್ಟೋ ಜನ ಕಳಿಸಿ ಕೇಳಿದರು. ಅದು ಪ್ರವಾಸಿಗರನ್ನು ಸೆಳೆಯಲು ಮಾಡಿದ ಪ್ರಚಾರ ಅಂತ ಕೆಲವೇ ದಿನಗಳಲ್ಲಿ ಹೊರಬಿತ್ತು. ನನಗೆ ಬೇಸರವಾಗಿದ್ದು ಅದು ಸುಳ್ಳು ಅಂತ ಅಲ್ಲ. ಆ ಕಡೆಯ ಜನ ಬೇಸಿಗೆಯಲ್ಲಿ ಎಷ್ಟು ಕಷ್ಟಪಟ್ಟು ತಮ್ಮ ಹೊತ್ತನ್ನು ಹಿಡಿದಿಟ್ಟುಕೊಳ್ಳುತ್ತಾರೋ, ಅದಕ್ಕೆ ಪೂರ್ತಿ ತಿರುಗುಮುರುಗಾದ ಚಿತ್ರ ಅದು.

ಇನ್ನೊಂದು ಮಾತು, ಚಿಕ್ಕದಾಗಿ ಹೇಳುತ್ತೇನೆ, ಆದರೆ ಬಿಡುವ ಹಾಗಿಲ್ಲ. ಎಲ್ಲರ ಮನಸ್ಸೂ ಈ ಬೆಳಕನ್ನು ತಾಳುವುದಿಲ್ಲ. ಗ್ರೀನ್‌ಲ್ಯಾಂಡ್‌ನಲ್ಲಿ ಆತ್ಮಹತ್ಯೆಗಳು ಕತ್ತಲ ಚಳಿಗಾಲಕ್ಕಿಂತ ಬೆಳಕಿನ ಬೇಸಿಗೆಯಲ್ಲಿ ಹೆಚ್ಚು ಅಂತ ಅಧ್ಯಯನಗಳು ತೋರಿಸಿವೆ. ನಿದ್ದೆ ಕೆಡುವುದೂ ಅದಕ್ಕೆ ಒಂದು ಕಾರಣ ಇರಬಹುದು ಅಂತ ಸಂಶೋಧಕರು ಹೇಳುತ್ತಾರೆ. ನಿಮ್ಮ ಮಕ್ಕಳು ಯಾರಾದರೂ ಆ ಕಡೆ ಓದಲು ಹೋದರೆ, ಸ್ವೆಟರ್ ಒಯ್ದೆಯಾ ಅಂತ ಕೇಳುವ ಜೊತೆಗೆ ಜೂನ್‌ನಲ್ಲಿ ನಿದ್ದೆ ಬರ್ತಿದೆಯಾ ಅಂತಲೂ ಕೇಳಿ.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಪರದೆ ತಂದೆವು. ಅಂಚಿನಲ್ಲಿ ಬೆಳಕು ನುಗ್ಗದ ಹಾಗೆ ಟೇಪ್ ಅಂಟಿಸಿದೆವು. ಕೋಣೆ ಕತ್ತಲಾಯಿತು. ಆದರೆ ಮಗಳು ಅದರೊಳಗೆ ಬರಲು ಒಪ್ಪುತ್ತಿರಲಿಲ್ಲ. "ಹೊರಗೆ ಹಗಲಿದೆ ಅಲ್ವಾ ಅಮ್ಮಾ, ಯಾಕೆ ಮಲಗಬೇಕು?" ಅಂತ ಅಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಉರಿಯುವ ಹಗಲಿನಿಂದ ಎತ್ತಿ ನೇರ ಕತ್ತಲ ಕೋಣೆಗೆ ಹಾಕುತ್ತಿದ್ದೆವು. ನಡುವೆ ಏನೋ ಒಂದು ಇರಬೇಕಿತ್ತು. ನಮ್ಮಲ್ಲಿ ದನ ಕೊಟ್ಟಿಗೆಗೆ ಬರುತ್ತವೆ, ಹಕ್ಕಿಗಳು ಗಲಾಟೆ ಮಾಡಿ ಸುಮ್ಮನಾಗುತ್ತವೆ, ಅಂಗಳದಿಂದ ಯಾರೋ ಕೂಗುತ್ತಾರೆ, ಕತ್ತಲಾಯ್ತು ಒಳಗೆ ಬನ್ನಿ ಅಂತ. ಮಕ್ಕಳು ಕೈಕಾಲು ತೊಳೆದು ದೀಪದ ಮುಂದೆ ಕೂತು ಬಾಯಿಪಾಠ ಹೇಳುತ್ತಾರೆ. ಅಷ್ಟು ಹೊತ್ತಿಗೆ ಮೈ ತಾನಾಗಿಯೇ ತಣ್ಣಗಾಗಿರುತ್ತದೆ. ರಾತ್ರಿಯನ್ನು ಪರದೆ ಹಾಕಿ ಮಾಡಿಕೊಳ್ಳಬಹುದು. ನಮಗೆ ಇಲ್ಲದೆ ಹೋದದ್ದು ಸಂಜೆ.

ಇಲ್ಲಿ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: "ತಂಗೀ, ಹಾಗಾದರೆ ಸಂಧ್ಯಾವಂದನೆ ಯಾವಾಗ ಮಾಡುತ್ತಿದ್ದಿರಿ?"

ಅದೇ ಪ್ರಶ್ನೆಯಿಂದಲೇ ನಮಗೆ ದಾರಿ ಸಿಕ್ಕಿದ್ದು, ಅಜ್ಜಾ. ನನ್ನ ಗಂಡ ಮಾವನವರಿಗೆ ಫೋನ್ ಮಾಡಿ ಕೇಳಿದರು, ಇಲ್ಲಿ ಸಂಧ್ಯೆಯೇ ಇಲ್ಲ, ಏನು ಮಾಡಲಿ ಅಂತ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮನೆ ಹೊತ್ತಿಗೇ ಮಾಡು" ಅಂದರು. ಜೂನ್‌ನಲ್ಲಿ ನಮ್ಮಲ್ಲಿ ಹೊತ್ತು ಮುಳುಗುವುದು ಏಳರ ಸುಮಾರಿಗೆ. ಇಲ್ಲಿಯ ಏಳು ಅಂದರೆ ಅಲ್ಲಿ ಮಧ್ಯಾಹ್ನ ಮೂರೂವರೆ, ಅದು ಆಗುವ ಮಾತಲ್ಲ. ಅಲ್ಲಿಯ ಗಡಿಯಾರದಲ್ಲಿ ಏಳು ಹೊಡೆದಾಗ ಸಾಗರದ ಸಂಜೆ ಅಂತ ಇಟ್ಟುಕೊಂಡೆವು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಕಡ ತಂದ ಹಾಗೆ, ನಮ್ಮೂರಿನಿಂದ ಸಂಜೆಯನ್ನು ಕಡ ತಂದೆವು.

ಶಿಶುವಿಹಾರದಲ್ಲಿ ನನ್ನ ಜೊತೆ ಸೊಮಾಲಿಯಾದ ಹೆಂಗಸೊಬ್ಬರು ಕೆಲಸ ಮಾಡುತ್ತಿದ್ದರು. 2016ರಲ್ಲಿ ರಂಜಾನ್ ಜೂನ್‌ನಲ್ಲೇ ಬಂತು. ಹೊತ್ತು ಮುಳುಗಿದ ಮೇಲೆ ಉಪವಾಸ ಬಿಡಬೇಕು, ಮುಳುಗುವುದೇ ಇಲ್ಲವಲ್ಲ. ಅವರ ಮನೆಯವರು ಮೆಕ್ಕಾದ ಹೊತ್ತು ಹಿಡಿದಿದ್ದರು. ಮೆಕ್ಕಾದಲ್ಲಿ ಏಳಕ್ಕೆ ಮುಳುಗಿದರೆ ಟ್ರೋಮ್ಸೋದಲ್ಲೂ ಗಡಿಯಾರದಲ್ಲಿ ಏಳು. ಒಂದು ಸಂಜೆ ನಮ್ಮನ್ನು ಊಟಕ್ಕೆ ಕರೆದಿದ್ದರು. ಕಿಟಕಿಯ ತುಂಬ ಬಿಸಿಲು. ಎಲ್ಲರೂ ಗೋಡೆ ಗಡಿಯಾರ ನೋಡುತ್ತ ಕೂತಿದ್ದರು. ಮುಳ್ಳು ಅಲ್ಲಿಗೆ ಬಂದ ಕೂಡಲೇ ಅವರು ಖರ್ಜೂರ ಬಾಯಿಗಿಟ್ಟುಕೊಂಡು, ಒಂದು ನನ್ನ ಮಗಳ ಕೈಗೂ ಕೊಟ್ಟರು. ನಾವು ಸಾಗರದಿಂದ, ಅವರು ಮೆಕ್ಕಾದಿಂದ. ಅವತ್ತು ನನಗೆ ಎಷ್ಟು ಧೈರ್ಯ ಬಂತು ಅಂತ ಹೇಳಲಾರೆ.

ನಮ್ಮ ಕಡದ ಸಂಜೆ ಹೀಗಿತ್ತು. ಆರೂ ಮುಕ್ಕಾಲಿಗೆ ಮಗಳನ್ನು ಕೂಗಿ ಕರೆಯುತ್ತಿದ್ದೆ. ಕೈಕಾಲು ತೊಳೆದು ಬರುತ್ತಿದ್ದಳು. ಏಳಕ್ಕೆ ದೇವರ ಗೂಡಿನಲ್ಲಿ ದೀಪ ಹಚ್ಚುವುದು. ಪಶ್ಚಿಮದ ಕಿಟಕಿಯಿಂದ ಬರುವ ಬಿಸಿಲು ಗೂಡಿನ ಮೇಲೇ ಬೀಳುತ್ತಿತ್ತು. ಬಿಸಿಲಿನಲ್ಲಿ ದೀಪದ ಕುಡಿ ಕಾಣುವುದೇ ಇಲ್ಲ. ಹತ್ತಿದೆಯೋ ಇಲ್ಲವೋ ಅಂತ ಕೈ ಚಾಚಿ ಬಿಸಿ ನೋಡಬೇಕು. ಆದರೆ ಹಿಂದಿನ ಬಿಳಿ ಗೋಡೆಯ ಮೇಲೆ ದೀಪದ ನೆರಳು ಬೀಳುತ್ತಿತ್ತು. ಕಂಬ, ಬಟ್ಟಲು, ಬತ್ತಿ ಎಲ್ಲ ಕಪ್ಪಗೆ. ಕುಡಿ ಇರಬೇಕಾದ ಜಾಗದಲ್ಲಿ, ಹೊಳೆಯ ತಳದ ಮರಳಿನ ಮೇಲೆ ಅಲೆಯ ನೆರಳು ಆಡುವ ಹಾಗೆ, ಏನೋ ಅಲುಗುತ್ತ ಮೇಲೇರುತ್ತಿತ್ತು. ಬಿಸಿ ಗಾಳಿಯ ನೆರಳು ಅದು. ಮಗಳು ದೀಪ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದಳು. ಅದನ್ನು ನೋಡುತ್ತಲೇ ಎರಡರ ಮಗ್ಗಿ, ಮೂರರ ಮಗ್ಗಿ. ಆಮೇಲೆ ಊಟ, ಒಂದೊಂದೇ ಪರದೆ ಇಳಿಸುವುದು, ಮೆಲುದನಿಯ ಮಾತು. ಎಂಟೂವರೆಗೆ ಕೋಣೆ. ಮೊದಮೊದಲು ಸ್ವಲ್ಪ ಅಳು ಇತ್ತು. ಹತ್ತು ಹನ್ನೆರಡು ದಿನದಲ್ಲಿ ನಿಂತಿತು.

ಜುಲೈ ಕೊನೆಯಲ್ಲಿ ಸೂರ್ಯ ಮತ್ತೆ ಮುಳುಗಲು ಶುರುಮಾಡಿದ. ಮೊದಲಿಗೆ ಮುಳುಗಿದ್ದೂ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಮೂಡಿರುತ್ತಾನೆ. ಆಗಸ್ಟ್‌ನಲ್ಲಿ ಬೀದಿದೀಪ ಬಂತು. ಅಲ್ಲಿಂದ ದಿನಗಳು ಓಡುತ್ತವೆ, ಸಂಜೆ ದಿನಕ್ಕೆ ನಾಲ್ಕೈದು ನಿಮಿಷ ಮುಂಚೆ ಬರುತ್ತ ಹೋಗುತ್ತದೆ. ಸೆಪ್ಟೆಂಬರ್ ಮೂರನೇ ವಾರದಲ್ಲಿ, ಜಗತ್ತಿಗೆಲ್ಲ ಹಗಲು ರಾತ್ರಿ ಸಮ ಆಗುವ ದಿನಗಳಲ್ಲಿ, ಟ್ರೋಮ್ಸೋದಲ್ಲೂ ಹೊತ್ತು ಮುಳುಗುವುದು ಏಳರ ಸುಮಾರಿಗೆ. ಅವತ್ತು ಮೋಡವೂ ಇತ್ತು. ನಾನು ಎಂದಿನಂತೆ ದೀಪ ಹಚ್ಚಿ ಅಡುಗೆಮನೆಗೆ ಹೋದೆ. ಮಗ್ಗಿ ಕೇಳಿಸಲಿಲ್ಲ. ಇಣುಕಿದರೆ ಮಗಳು ಗೋಡೆಗೆ ಬೆನ್ನು ಹಾಕಿ, ದೀಪದ ಹತ್ತಿರ ಮುಖ ತಂದು ಕೂತಿದ್ದಾಳೆ.

"ಅಮ್ಮಾ, ಬಾ ಇಲ್ಲಿ. ದೀಪಕ್ಕೆ ಕುಡಿ ಬಂದಿದೆ" ಅಂದಳು.